ಬಂದೂಕಿನ ಹಣೆಗೆ ವಿಭೂತಿ

ನಮ್ಮ ಮನೆಯವರದು ಲಿಂಗಸುಗೂರಿನಲ್ಲಿ ಬಂದೂಕು ರಿಪೇರಿ ಅಂಗಡಿ. ಹೀಗೆಂದ ಕೂಡಲೇ ಹೊಸ ಬೀಗರು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಳ್ಳುತ್ತಾರೆ. ಆದರೆ ಆ ಅಂಗಡಿಯಲ್ಲಿ ಇಷ್ಟು ವರ್ಷಕ್ಕೆ ಗಾಯವಾದದ್ದು ಒಂದೇ ಒಂದು, ಅದೂ ಅರ ಜಾರಿ ಇವರ ಹೆಬ್ಬೆರಳಿಗೆ. ಶಿವ ದೊಡ್ಡವನು. ಬರುವ ಗಿರಾಕಿಗಳು ಲೈಸೆನ್ಸ್ ಇರುವ ರೈತರು, ಹೊಲದಿಂದ ಹಂದಿ ಓಡಿಸುವ ಹಳೇ ಬಂದೂಕಿನವರು. ಎಲ್ಲರದೂ ಒಂದೇ ಬೇಡಿಕೆ: "ಸಪ್ಪಳ ಜೋರ್ ಬರಬೇಕ್ ನೋಡ್ರಿ."

ಇಂಥ ಅಂಗಡಿಗೆ ಒಂದು ದಿನ ಮಸ್ಕಿಯಿಂದ ಒಬ್ಬ ಹುಡುಗಿ ಬಂದಳು. ಕಾಲೇಜು ಓದುವವಳು, ಅಪ್ಪ ಸರ್ಕಾರಿ ನೌಕರ. ಅಪ್ಪನ ಮೋಟಾರ್ ಸೈಕಲ್ಲಿನ ಹಿಂದೆ ಕೂತು, ಉದ್ದನೆಯ ಪೆಟ್ಟಿಗೆಯನ್ನು ಎಳೇ ಕೂಸಿನಂತೆ ಅಪ್ಪಿಕೊಂಡಿದ್ದಳು. ಒಳಗೆ ಸ್ಪರ್ಧೆಯ ಏರ್ ರೈಫಲ್. ಹುಡುಗಿ ಎಡಗೈಯವಳು, ರೈಫಲ್ಲು ಬಲಗೈಯವರದು. ತಿಂಗಳೊಪ್ಪತ್ತಿನಲ್ಲಿ ಸಿಂಧನೂರಿನಲ್ಲಿ ಆಯ್ಕೆ ಸ್ಪರ್ಧೆ. ಮೊದಲ ನಾಲ್ವರಲ್ಲಿ ಬಂದರೆ ರಾಜ್ಯಮಟ್ಟಕ್ಕೆ ಹೋಗಬಹುದು. ಮುಂದಿನ ವರ್ಷ ಅವಳ ವಯಸ್ಸು ಮೀರುತ್ತದೆ, ಹಾಗಾಗಿ ಇದೇ ಕೊನೆಯ ಸಲ.

ಇವರು ರೈಫಲ್ಲು ನೋಡಲೇ ಇಲ್ಲ. ಹುಡುಗಿಯನ್ನು ನೋಡಿದರು. "ನಿಂದರವಾ. ಕಣ್ಣ ಮುಚ್ಚು. ಎತ್ತಿ ಹಿಡಿ. ಈಗ ಕಣ್ಣ ತಗಿ. ಎಲ್ಲಿ ತೋರಸ್ತದ?"

"ಕ್ಯಾಲೆಂಡರ್ ಕಡೆ ಐತ್ರಿ ಕಾಕಾ. ನಾ ಗಡಿಯಾರಕ್ಕ ಹಿಡಿದಿದ್ದೆ."

"ಹಂಗಾರ ಕಟ್ಟಿಗಿ ತಪ್ಪೈತಿ, ನಿಂದಲ್ಲ. ಬಂದೂಕ ಮೈಗೆ ಹೊಂದಬೇಕು. ಮೈ ಬಂದೂಕಿಗೆ ಹೊಂದಾಕ ಹೋತಂದ್ರ ಕುತ್ತಿಗಿ ನೋವು ಬರ್ತದ, ಪದಕ ಬರಂಗಿಲ್ಲ."

ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಭುಜಕ್ಕೆ ಆನಿಸುವ ಕಟ್ಟಿಗೆಯನ್ನು ಸಾಗವಾನಿಯಲ್ಲಿ ಹೊಸದಾಗಿ ಕೆತ್ತಿದರು. ಹುಡುಗಿ ವಾರಕ್ಕೆರಡು ಸಲ ಬಂದು ಕೆನ್ನೆ ಇಟ್ಟು ನೋಡುವಳು, ಇವರು ಕಾಗದದಷ್ಟು ಹೆರೆಯುವರು, ಅವಳು ಮತ್ತೆ ಕೆನ್ನೆ ಇಡುವಳು. ಸೀರೆ ಕುಪ್ಪಸಕ್ಕೂ ಯಾರೂ ಇಷ್ಟು ಅಳತೆ ತೆಗೆದದ್ದು ನಾ ಕಂಡಿಲ್ಲ.

ಇವರ ವಿದ್ಯೆಗೆಲ್ಲ ಉಪಮೆ ನನ್ನ ಅಡುಗೆಮನೆಯಿಂದಲೇ. "ಟ್ರಿಗರ್ ಅಂದ್ರ ಹಪ್ಪಳ ಮುರದಂಗಿರಬೇಕು. ಟಕ್ ಅನಬೇಕು. ನಿನ್ನೆ ಮಾಡಿದ್ಯಲ್ಲ ಚಪಾತಿ, ಹಂಗ ಜಗ್ಗಬಾರದು."

"ನನ್ನ ಚಪಾತಿ ಯಾಕ್ ಬೇಕ್ರಿ ನಡುವ?" ಅಂದೆ.

"ಉದಾಹರಣೆಗೆ ಅಂದೆ," ಅಂದು ಮೂರನೆಯ ಚಪಾತಿಗೆ ಕೈ ಚಾಚಿದರು.

ಒಮ್ಮೆ ಅಂಗಡಿಯ ಹಿಂದಿನ ಓಣಿಯಲ್ಲಿ ಪರೀಕ್ಷೆ ಮಾಡುವಾಗ ತುರ್ವಿಹಾಳದ ಹಿರಿಯ ರೈತರೊಬ್ಬರು ತಮ್ಮ ಬಂದೂಕಿಗಾಗಿ ಕಾಯುತ್ತ ಕೂತಿದ್ದರು. ರೈಫಲ್ಲು ಪುಸ್ ಅಂತು. ಅವರು ಇನ್ನೂ ಏನೋ ಬರುತ್ತದೆಂದು ಕಿವಿ ಮುಚ್ಚಿಕೊಂಡೇ ಇದ್ದರು. ಬರಲಿಲ್ಲ. "ಇಷ್ಟನಾ? ಇದಕ್ಕ ತಿಂಗಳಾ ಕೂತೀಯೇನ್ ಮಾರಾಯಾ? ಇದರಕಿಂತ ನಮ್ಮ ಸೈಕಲ್ ಪಂಪ್ ಜೋರೈತಿ!"

ಇವರಿಗೆ ಬೇಜಾರಾಯಿತು. "ಸಪ್ಪಳ ಬ್ಯಾರೆ, ಗುರಿ ಬ್ಯಾರೆ ಯಜಮಾನ್ರ," ಅಂದು ಮತ್ತೆ ಕಟ್ಟಿಗೆ ಹೆರೆಯತೊಡಗಿದರು. ಆಗ ನನಗೆ ತಿಳಿಯಿತು, ಈ ಹುಡುಗಿ ಗೆಲ್ಲುವುದು ಇವರಿಗೂ ಬೇಕಾಗಿದೆ ಎಂದು.

ಸ್ಪರ್ಧೆಯ ದಿನ ನಸುಕಿನಲ್ಲಿ ಎದ್ದು ನಾನು ಪೂಜೆ ಮುಗಿಸಿದೆ. ರೈಫಲ್ಲು ರಾತ್ರಿ ನಮ್ಮ ಮನೆಯಲ್ಲೇ ಇತ್ತು. ನಮ್ಮ ಮನೆಯಿಂದ ಒಳ್ಳೆಯ ಕೆಲಸಕ್ಕೆ ಹೊರಡುವ ಯಾವುದನ್ನೂ ನಾನು ವಿಭೂತಿ ಹಚ್ಚದೆ ಕಳಿಸಿದವಳಲ್ಲ. ಸ್ಕೂಟರು, ಮಿಕ್ಸರು, ಪರೀಕ್ಷೆಗೆ ಹೋಗುವ ಮಕ್ಕಳ ಪೆನ್ನು, ಎಲ್ಲಕ್ಕೂ ಆಗಿದೆ. ಇವರು ಸ್ನಾನಕ್ಕೆ ಹೋದಾಗ ಪೆಟ್ಟಿಗೆ ತೆರೆದೆ. ಆದರೆ ಬಂದೂಕಿನ ಹಣೆ ಎಲ್ಲಿ? ಹಿಂದಿನ ತುದಿಯಲ್ಲಿ ಕಣ್ಣಿಗೆ ಎದುರಾಗಿ ರೂಪಾಯಿಯಗಲದ ಕರಿಯ ಬಿಲ್ಲೆ ಇತ್ತು. ಮುಖ ಅಂದರೆ ಇದೇ ಎಂದುಕೊಂಡೆ. ಅದರ ನಟ್ಟನಡುವೆ ಸೂಜಿ ಚುಚ್ಚಿದಂತೆ ಏನೋ ಕಲೆ. ವಿಭೂತಿಯನ್ನು ನೀರಲ್ಲಿ ಕಲಸಿ, ಸರಿಯಾಗಿ ಅದರ ಮೇಲೇ ಒಂದು ದುಂಡನೆ ಬೊಟ್ಟು ಒತ್ತಿದೆ. ಬಹಳ ಲಕ್ಷಣವಾಗಿ ಕಂಡಿತು. ಪೆಟ್ಟಿಗೆ ಮುಚ್ಚಿದೆ.

ಪೆಟ್ಟಿಗೆ ಹಿಡಿದು ನಾವಿಬ್ಬರೂ ಸಿಂಧನೂರಿನ ಸ್ಪರ್ಧೆಯ ಹಾಲ್‌ಗೆ ಹೋದಾಗ ಹುಡುಗ ಹುಡುಗಿಯರು ದಪ್ಪ ಜಾಕೆಟ್ಟು ತೊಟ್ಟು ಸಾಲಾಗಿ ನಿಂತಿದ್ದರು. ಲೆಕ್ಕಕ್ಕೆ ಹಿಡಿಯುವ ಹೊಡೆತಗಳಿಗೆ ಮೊದಲು ಗುರಿ ಸರಿಪಡಿಸಿಕೊಳ್ಳಲು ಹದಿನೈದು ನಿಮಿಷ ಕೊಡುತ್ತಾರಂತೆ. ಗಂಟೆ ಬಾರಿಸಿದರು. ನಮ್ಮ ಹುಡುಗಿ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿ ಇಳಿಸಿದಳು. ಕಣ್ಣು ಒರೆಸಿಕೊಂಡಳು. ಕೊನೆಗೆ ಕೈ ಎತ್ತಿದಳು. ಸ್ಪರ್ಧೆ ನಡೆಸುವ ಸಾಹೇಬರು ಒಪ್ಪಿದ ಮೇಲೆ ರೈಫಲ್ಲನ್ನು ಹಿಂದಿನ ಮೇಜಿಗೆ ತಂದು, "ಕಾಕಾ, ಏನೂ ಕಾಣವಲ್ದು. ಕತ್ತಲಿ ಐತಿ," ಅಂದಳು.

ಇವರು ಬಿಲ್ಲೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಏನ್ ಮಾಡೀಯೇ ನೀ?"

"ಹಣೆಗೆ ವಿಭೂತಿ ಹಚ್ಚೀನ್ರಿ."

"ಅದು ಹಣಿ ಅಲ್ಲಲೇ, ಕಣ್ಣು! ಆ ತೂತಿನಾಗ ನೋಡೇ ಗುರಿ ಹಿಡಿಯೂದು!"

ವಿಭೂತಿ ಒಣಗಿ ಗಾರೆಯಂತೆ ಕೂತಿತ್ತು. ಬಳೆಗೆ ಸಿಗಿಸಿದ್ದ ಪಿನ್ನು ತೆಗೆದುಕೊಟ್ಟೆ. "ಕಬ್ಬಿಣ ಮುಟ್ಟಸಬ್ಯಾಡ, ತೂತಿನ ಅಂಚು ಕೂದಲೆಳಿಯಷ್ಟು ಕೆತ್ತಿದ್ರೂ ಮುಗೀತು," ಅಂದರು. ಮೂಲೆಯಲ್ಲಿದ್ದ ಕಸಬರಿಗೆಯತ್ತ ಕೈ ಚಾಚಿದರು, ಒಂದು ಕಡ್ಡಿ ಕೀಳಲು.

"ವಿಭೂತಿಗೆ ಕಸಬರಿಗಿ ಮುಟ್ಟಸ್ತೀರಾ?" ನನ್ನ ಬಾಯಿಂದ ಬಂದೇಬಿಟ್ಟಿತು. ತಪ್ಪು ಮಾಡಿದವಳು ನಾನು, ಜೋರೂ ನನ್ನದೇ.

"ಹಂಗಾರ ನಿನ್ನ ಶಿವನ್ನ ಕೇಳು ಬ್ಯಾರೆ ಏನೈತಿ ಅಂತ!"

ಚೀಲದಲ್ಲಿ ಕೈಯಾಡಿಸಿದೆ. ಬರುವ ದಾರಿಯಲ್ಲಿ ಗುಡಿಗೆಂದು ಕೊಂಡ ಗಂಧದ ಊದಿನಕಡ್ಡಿಯ ಕಟ್ಟು ಇತ್ತು. ಅದರ ಬಿದಿರಿನ ಬುಡವನ್ನು ಇವರು ಹಲ್ಲಿನಿಂದಲೇ ಚೂಪು ಮಾಡಿ, ಉಸಿರು ಹಿಡಿದು, ಬೊಟ್ಟನ್ನು ಚೂರು ಚೂರಾಗಿ ಉದುರಿಸಿದರು. ಹುಡುಗಿ ಗಡಿಯಾರ ನೋಡುತ್ತ ನಿಂತಿದ್ದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ವಾಪಸ್ ಹೋಗಿ ನಿಲ್ಲುವಷ್ಟರಲ್ಲಿ ನಾಲ್ಕು ನಿಮಿಷ ಉಳಿದಿತ್ತು. ಆಮೇಲೆ ಒಂದು ತಾಸಿಗೂ ಮಿಕ್ಕಿ ಆ ಹಾಲ್‌ನಲ್ಲಿ ಪುಸ್ ಪುಸ್ ಬಿಟ್ಟು ಬೇರೆ ಸಪ್ಪಳವಿಲ್ಲ. ನಾನು ಸೆರಗಿನೊಳಗೆ ಕೈ ಮುಚ್ಚಿ ನಮಃ ಶಿವಾಯ ಅನ್ನುತ್ತ ಕೂತೆ. ಬಿಲ್ಲೆ ಮಾಡಿದವನು ತೂತು ಅಷ್ಟು ಸಣ್ಣದು ಯಾಕೆ ಮಾಡಿದ ಎಂದು ಶಿವನಿಗೆ ದೂರೂ ಕೊಟ್ಟೆ.

ಗೋಡೆಗೆ ಪಟ್ಟಿ ಅಂಟಿಸಿದರು. ನಮ್ಮ ಹುಡುಗಿ ನಾಲ್ಕನೆಯವಳು. ಐದನೆಯವಳಿಗಿಂತ ಕೂದಲೆಳೆಯಷ್ಟು ಮುಂದೆ. ಅವಳ ಅಪ್ಪ ಗೋಡೆಗೆ ತಲೆಯಾನಿಸಿ ಅಳುತ್ತ ನಕ್ಕರು. ನಾನು ಹುಡುಗಿಯ ಕೈ ಹಿಡಿದು, "ತಪ್ಪಾತು ನನ್ನವ್ವಾ," ಅಂದೆ. "ಬಿಡ್ರಿ ಕಾಕಿ, ನಾಕರಾಗ ಬಂದೆನಲ್ಲ," ಅಂದಳು.

ಇವರಿಗೆ ಮಾತ್ರ ಖುಷಿಪಡಲೂ ಪುರಸೊತ್ತಿಲ್ಲ. ಕಾಗದದ ಗುರಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಎಲ್ಲಾ ನಡುವ ಕುಂತಾವ. ಇದೊಂದ್ ಯಾಕ ಎಡಕ್ಕ ಹಾರೇತಿ? ಕಟ್ಟಿಗಿ ಇನ್ನೂ ಹೆರೀಬೇಕೇನ?"

"ಕಟ್ಟಿಗಿ ಬರೋಬ್ಬರಿ ಐತ್ರಿ ಕಾಕಾ," ಅಂದಳು ಹುಡುಗಿ, ತಲೆ ತಗ್ಗಿಸಿ. "ಆ ತೂತಿನಾಗಿಂದ ಗಂಧದ ವಾಸನಿ ಬರಾಕತ್ತಿತ್ತು. ಸೀನು ಬಂತ್ರಿ."

ಇವರು ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಪಟ್ಟಿ ನೋಡುತ್ತ ನಿಂತೆ. ನಾಲ್ಕನೆಯ ಹೆಸರು ಇನ್ನೂ ಅಲ್ಲೇ ಇತ್ತು.