ಕೊನೆಯ ಸಾಲಿನ ಗಾರ್ಡ್ ಸಾಹೇಬರು

1993ರಲ್ಲಿ, ಎಂಟನೆಯ ಇಯತ್ತೆಯಲ್ಲಿದ್ದಾಗ, ನಾನು ಶಾಲೆ ಬಿಟ್ಟೆ. ಸೋದರಮಾವನ ಬೆನ್ನು ಹತ್ತಿ ಹುಬ್ಬಳ್ಳಿಯಿಂದ ಕಲ್ಕತ್ತಾಕ್ಕೆ ಬಂದು ಖಿದಿರ್‌ಪುರದಲ್ಲಿ ಲೇತ್ ಕೆಲಸ ಕಲಿತೆ. ನಾನು ಕಡೆದುಕೊಟ್ಟ ಹಡಗಿನ ಬಿಡಿಭಾಗ ಇದುವರೆಗೆ ವಾಪಸ್ಸು ಬಂದಿಲ್ಲ. ಆ ಗರ್ವದಿಂದಲೋ ಏನೋ, ಯಾರ ಮುಂದೆಯೂ ತಗ್ಗಿ ಮಾತಾಡಿದವನಲ್ಲ, ಲೇಕ್ ಗಾರ್ಡನ್ಸ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ, ನಮ್ಮೂರ ಕಡೆಯವರೇ ಆದ ರೈಲ್ವೆ ಗಾರ್ಡ್ ಸಾಹೇಬರೊಬ್ಬರನ್ನು ಬಿಟ್ಟು.

ಅವರ ಕುತ್ತಿಗೆಯ ಎಡಕ್ಕೆ ಒಂದು ನರ ಹಗ್ಗದಂತೆ ಉಬ್ಬಿತ್ತು. ಲೋಕಲ್ ರೈಲಿನ ಕಟ್ಟಕಡೆಯ ಡಬ್ಬಿಯಿಂದ ಬಾಗಿ ಬಾಗಿ ನೋಡಿ ಬಂದದ್ದು ಎನ್ನುತ್ತಿದ್ದರು. ನಿವೃತ್ತರಾದ ಮೇಲೂ ತರಕಾರಿಗೆ ಹೊರಟರೆ ಎಲ್ಲರನ್ನೂ ಮುಂದೆ ಬಿಟ್ಟು ತಾವು ಹಿಂದೆ.

"ಬಾಜಾರಕ್ಕ ಹೋಗೂದೂ ಡ್ಯೂಟಿ ಏನ್ರೀ ನಿಮಗ?" ಎಂದು ಅವರ ಮನೆಯವರು ರೇಗುವರು.

"ಪೆನ್ಶನ್ ಬರಾಕತ್ತೈತಲ್ಲ" ಎನ್ನುವರು.

ನಾನೇ ಕಸುಬು ಕಲಿಸಿದ ನನ್ನ ತಮ್ಮ ಹೊರದೇಶದ ಬಂದರಿನಲ್ಲಿ ಲೇತ್ ಕೆಲಸಕ್ಕಿದ್ದ. ಅಲ್ಲಿ ಯುದ್ಧ ಶುರುವಾಗಿ ಬಾಂಬು ಬೀಳತೊಡಗಿದವು. ಅವನ ಫೋನ್ ನಿಂತುಹೋಯಿತು. ನಮ್ಮ ಜನರನ್ನು ಕರೆತಂದ ವಿಮಾನಗಳಲ್ಲಿ ಅವನಿರಲಿಲ್ಲ.

ಆಗಿನ ಒಂದು ಭಾನುವಾರ ಸಾಹೇಬರು ಬಾಗಿಲಲ್ಲಿ ನಿಂತರು. "ಯುದ್ಧ ಬ್ಯಾಡ ಅಂತ ಮಿಛಿಲ್ ಹೊಂಟೈತಿ. ನಡಿ." ಮಿಛಿಲ್ ಎಂದರೆ ಇಲ್ಲಿಯವರ ಬಾಯಲ್ಲಿ ಮೆರವಣಿಗೆ.

"ನಾವು ನಡದ್ರ ಬಾಂಬ್ ನಿಲ್ತಾವೇನ್ರೀ?"

"ನಿಲ್ಲೂದಿಲ್ಲಪಾ. ನೀ ಫೋನ್ ನೋಡಕೋತ ಕುಂತ್ರ ನಿಲ್ತಾವೇನು?"

ಹೋದೆ. ಆದರೆ ರಸ್ತೆಗಿಳಿಯದೆ ಫುಟ್‌ಪಾತಿನ ಮೇಲೆಯೇ ನಡೆದೆ, ಬೇಸರವಾದರೆ ಬಸ್ಸು ಹತ್ತಿಬಿಡುವ ಲೆಕ್ಕದಲ್ಲಿ. ಸಾಹೇಬರು ಮಂಡಿನೋವಿನ ಅಜ್ಜಿಯರ ಹಿಂದೆ, ಎಲ್ಲರಿಗಿಂತ ಕೊನೆಗೆ.

"ಮುಂದ ಹೋಗ್ರಿ ಸಾಹೇಬ್ರ, ಟೀವಿಯವ್ರು ಅಲ್ಲದಾರ."

"ಎಂಜಿನ್ ನೋಡಾಕ ಎಲ್ಲಾರೂ ಇರ್ತಾರ" ಎಂದರು.

ಹಾಜ್ರಾ ಚೌಕದಲ್ಲಿ ಮುಂದಿನವರು ದಾಟಿದ್ದೇ ತಡ, ಸಿಗ್ನಲ್ ಬದಲಾಗಿ ಅಡ್ಡರಸ್ತೆಯ ಗಾಡಿಗಳು ನುಗ್ಗಿದವು. ಅಜ್ಜಿಯರು ಈ ಕಡೆಯೇ ಉಳಿದರು. ಸಾಹೇಬರು ನೆಟ್ಟಗೆ ಹೋಗಿ ಒಂದು ಬಸ್ಸಿನ ಮೂತಿಯ ಮುಂದೆ ಕೈಯೆತ್ತಿ ನಿಂತರು. ಕಂಡಕ್ಟರು ಬಸ್ಸಿನ ತಗಡು ಬಡಿಯುತ್ತ, "ದಾದು, ಮಿಛಿಲ್ ಶೇಷ್, ಬಾಡಿ ಜಾನ್" ಎಂದ. ತಾತಾ, ಮೆರವಣಿಗೆ ಮುಗೀತು, ಮನೆಗೆ ಹೋಗಿ ಅಂತ.

"ಶೇಷ್ ಹೊಯ್‌ನಿ," ಮುಗಿದಿಲ್ಲ ಎಂದರು ಸಾಹೇಬರು. ಆಮೇಲೆ ನನ್ನತ್ತ ತಿರುಗಿ, "ಏ, ಅಲ್ಲೇನ್ ನಿಂತೀ? ಆ ಟ್ಯಾಕ್ಸಿ ತಡಿ."

ಇಳಿದೆ. ಟ್ಯಾಕ್ಸಿಯ ಮುಂದೆ ಕೈ ಚಾಚಿ ನಿಂತೆ. ಡ್ರೈವರ್ ಬೈದದ್ದನ್ನೆಲ್ಲ ಕೇಳಿಸಿಕೊಂಡೆ. ಅಜ್ಜಿಯರು ಸಾವಕಾಶ ದಾಟಿದರು. ಕೊನೆಯಾಕೆ ನನ್ನ ಗದ್ದ ಮುಟ್ಟಿ, "ಬೇಂಚೆ ಥಾಕೊ ಬಾಬಾ" ಎಂದಳು. ಬದುಕಿರು ಮಗನೇ. ಆ ಮಾತನ್ನು ನಾನು ತಮ್ಮನಿಗೆಂದು ಎತ್ತಿಟ್ಟುಕೊಂಡೆ. ಮುಂದಿನ ದಾರಿಯನ್ನು ರಸ್ತೆಯಲ್ಲೇ ನಡೆದೆ.

ಮರುದಿನದಿಂದ ಸಾಹೇಬರು ತಮ್ಮನ ಪತ್ತೆಗೆಂದು ನಾನು ಅಲೆಯುತ್ತಿದ್ದ ಸರ್ಕಾರಿ ಆಫೀಸುಗಳಿಗೆ ನನ್ನ ಜೊತೆ ಬರತೊಡಗಿದರು. ಬಹುತೇಕ ಎಲ್ಲರೂ ಬಂದಾಗಿದೆಯಲ್ಲ ಎಂದು ಕಿಟಕಿಯ ಆಚೆಯಿಂದ ಯಾರಾದರೂ ಅಂದರೆ, "ಒಬ್ಬಾವ ಹಿಂದ ಉಳದಾನ" ಎಂದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಬಂಗಾಳಿಯಲ್ಲಿ ಹೇಳುವರು. ನಾನು ಸಿಟ್ಟಾಗಿ ಎದ್ದು ಹೊರಟ ದಿನಗಳಲ್ಲೂ ಅವರು ಕೂತೇ ಇರುತ್ತಿದ್ದರು.

ಕೊನೆಗೆ ನನ್ನ ತಮ್ಮ ಹೇಗೋ ಗಡಿ ದಾಟಿ ಪಕ್ಕದ ದೇಶ ಸೇರಿ, ಅಲ್ಲಿಂದ ವಿಮಾನ ಹತ್ತಿದ. ದಮ್‌ದಮ್ ವಿಮಾನ ನಿಲ್ದಾಣದಲ್ಲಿ ಅವನನ್ನು ತಬ್ಬಿಕೊಂಡು ನಾನು ಅತ್ತೆ. ಬಿಟ್ಟು ನೋಡಿದರೆ ಸಾಹೇಬರು ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಬಾಗಿಲ ಹತ್ತಿರ, ಇನ್ನೂ ಮಗ ಕಾಣದ ಒಬ್ಬ ತಾಯಿಯ ಪಕ್ಕ ನಿಂತಿದ್ದರು.

"ನೀವ್ ನಡೀರಿ, ಹುಡುಗಗ ಉಣ್ಣಾಕ ಹಾಕು. ಇನ್ನೂ ಮಂದಿ ಬರೂದೈತಿ" ಎಂದರು.

ಹೋದ ಚಳಿಗಾಲದಲ್ಲಿ ಸಾಹೇಬರು ತೀರಿಕೊಂಡರು. ಈಗ ನನ್ನ ಹತ್ತಿರ ಎರಡು ಲೇತ್ ಇವೆ, ನಾಲ್ವರು ಕೆಲಸಗಾರರಿದ್ದಾರೆ, ಸ್ವಂತದ ಎರಡು ಕೋಣೆ ಇವೆ, ಒಬ್ಬ ತಮ್ಮ ಇದ್ದಾನೆ.