ಅಜ್ಜಿಯ ದೀಪ ಮತ್ತು ನೂರಕ್ಕೆ ಅರವತ್ತರ ಪಾಲುಗಾರ

"ಗೋಡೌನ್ ಒಳಗೆ ಎಲ್ಲಾದರೂ ಬೆಂಕಿ ಉರಿಸ್ತೀರಾ?" ಅಂತ ಇಂಜಿನಿಯರ್ ಕೇಳಿದಾಗ ನಾನು, ಮಿಲ್ ಮಾಲೀಕರಾದ ವೀರೇಶಣ್ಣ, ಅವರ ಸೂಪರ್‌ವೈಸರ್ ಮೂವರೂ ಒಂದೇ ಉಸಿರಿನಲ್ಲಿ "ಇಲ್ಲ ಸರ್" ಅಂದೆವು.

ನಮ್ಮ ಬೆನ್ನ ಹಿಂದೆ, ಭತ್ತದ ಚೀಲಗಳ ಪಕ್ಕದಲ್ಲೇ, ಎಣ್ಣೆ ದೀಪ ತಣ್ಣಗೆ ಉರಿಯುತ್ತಿತ್ತು...

ಸುಳ್ಳು ಹೇಳಿದ್ದಲ್ಲ, ದೇವರಾಣೆ! ದೇವರ ಮುಂದಿನ ದೀಪವನ್ನು ನಮ್ಮಲ್ಲಿ ಯಾರು ಬೆಂಕಿ ಅಂತ ಕರೀತಾರೆ ಹೇಳಿ? ಹಿಂದಿನ ಸಲ ಹೋದಾಗ ನಾನೇ ಚಪ್ಪಲಿ ಬಿಟ್ಟು, ಆ ದೀಪಕ್ಕೆ ಕೈ ಮುಗಿದು, ಕುಂಕುಮ ಹಚ್ಚಿಕೊಂಡು ಬಂದಿದ್ದೆ. ಹೆಸರಿಗೆ ಇನ್ಶೂರೆನ್ಸ್ ಆಫೀಸರ್ ಬೇರೆ!

ಇಂಜಿನಿಯರ್ ದೀಪದ ಕಡೆ ಬೆರಳು ತೋರಿಸಿ "ಮತ್ತೆ ಅದು?" ಅಂದರು.

"ಅದು ದೀಪ ರೀ ಸರ್," ಅಂದರು ವೀರೇಶಣ್ಣ, ಪಾಪ, ಅಷ್ಟೇ ಮುಗ್ಧವಾಗಿ.

ಆತ ಹೆಲ್ಮೆಟ್ ತೆಗೆದು ಬಗಲಲ್ಲಿ ಇಟ್ಟುಕೊಂಡರು. ಇದು ಇಲ್ಲಿರುವವರೆಗೆ ತಮ್ಮ ಕಂಪನಿಯ ಪಾಲು ಸಿಗಲ್ಲ ಅಂತ ಹೇಳಿ ಕಾರಿನ ಕಡೆ ನಡೆದೇಬಿಟ್ಟರು.

ಈ ಪಾಲಿನ ಕಥೆ ಹೇಳಿಬಿಡ್ತೀನಿ. ನಾನು ಬಳ್ಳಾರಿಯ ಒಂದು ವಿಮಾ ಕಂಪನಿಯ ಬ್ರಾಂಚಿನಲ್ಲಿದ್ದೇನೆ. ವೀರೇಶಣ್ಣನ ರೈಸ್ ಮಿಲ್ ಇರುವುದು ಸಿರುಗುಪ್ಪ ತಾಲೂಕಿನ ದೇಶನೂರಿನ ಹತ್ತಿರ. ಈ ವರ್ಷ ಹಳೇ ಗೋಡೌನ್ ಜೊತೆಗೆ ಹೊಸದೊಂದು ಕಟ್ಟಿಸಿ ಮಿಲ್ ಎಷ್ಟು ದೊಡ್ಡದಾಗಿದೆ ಅಂದರೆ, ಅದರ ಪೂರ್ತಿ ರಿಸ್ಕನ್ನು ನಮ್ಮ ಕಂಪನಿ ಒಂದೇ ಹೊರುವ ಹಾಗಿಲ್ಲ.

ಅಂಥ ಕಡೆ ನಾವು ವಿಮಾ ಕಂಪನಿಗಳಿಗೇ ವಿಮೆ ಮಾಡುವ ರೀಇನ್ಶೂರೆನ್ಸ್ ಕಂಪನಿಯನ್ನು ಜೊತೆಗೆ ಸೇರಿಸಿಕೊಳ್ಳುತ್ತೇವೆ. ಮಿಲ್ ನೋಡಿ ಬರಲು ಈ ಇಂಜಿನಿಯರನ್ನು ಕಳಿಸಿದ್ದು ಅವರೇ. ಈ ಮಿಲ್ಲಿಗೆ ಮಾತಾಗಿದ್ದು ಹೀಗೆ: ನೂರಕ್ಕೆ ನಲವತ್ತು ನಮ್ಮದು, ಅರವತ್ತು ಅವರದು. ಬರುವ ಪ್ರೀಮಿಯಂನಲ್ಲೂ ಅದೇ ಪಾಲು, ನಾಳೆ ನಷ್ಟವಾದರೆ ಕೊಡುವುದರಲ್ಲೂ ಅದೇ ಪಾಲು.

ಅವರು ಒಲ್ಲೆ ಅಂದರೆ ನಾವೂ ಪಾಲಿಸಿ ಕೊಡುವಂತಿಲ್ಲ. ಆ ಕಡೆ ಗದ್ದೆಗಳಲ್ಲಿ ಕೊಯ್ಲು ಶುರುವಾಗಿತ್ತು. ಅಷ್ಟು ದೊಡ್ಡ ಗೋಡೌನ್ ತುಂಬಾ ಭತ್ತ, ಮೇಲೆ ವಿಮೆ ಇಲ್ಲ... ಒಂದು ಕಿಡಿ ಬಿದ್ದರೆ ಆ ಕುಟುಂಬದ ಗತಿ?

ನಮ್ಮ ಮ್ಯಾನೇಜರ್ ಮೊದಲೇ ಹೇಳಿದ್ದರು, "ನಮ್ಮ ಕೈಗೆ ಮೀರಿದ್ದು ಇದು, ಬಿಟ್ಟುಬಿಡಮ್ಮ" ಅಂತ. ಬಿಡು ಅಂದರೆ ಬಿಡುವ ಜಾತಕವೇ ಅಲ್ಲ ನಂದು.

ಕಾರಿನ ಬಾಗಿಲಿಗೆ ಅಡ್ಡ ನಿಂತು, ಹತ್ತು ನಿಮಿಷ ಕೂತು ಮಜ್ಜಿಗೆ ಕುಡಿದು ಹೋಗಿ ಸರ್ ಅಂತ ಗೋಗರೆದೆ. ಬಿಸಿಲಿಗೋ ಏನೋ, ಒಪ್ಪಿದರು.

ಮಜ್ಜಿಗೆ ತಂದಿದ್ದು ವೀರೇಶಣ್ಣನ ತಾಯಿ ಗೌರಮ್ಮಜ್ಜಿ. ವಿಷಯ ಕೇಳಿದ್ದೇ ತಡ, ಅಜ್ಜಿ ಕೆಂಡವಾದರು.

"ನಮ್ಮ ಯಜಮಾನ್ರು ಮಿಲ್ ಸುರು ಮಾಡಿದ ದಿನ ತಮ್ಮ ಕೈಯಾರ ಹಚ್ಚಿದ ದೀಪ ಅದು. ಎಲ್ಲಿಂದಲೋ ಬಂದಾಂವ ಹೇಳಿದ ಅಂತ ಎತ್ತಿಡಾಕ ಆಕ್ಕೈತೇನು?"

 

ಆಗ ನನಗೆ ಥಟ್ಟನೆ ಹೊಳೆಯಿತು. ಕುರುಗೋಡಿನಲ್ಲಿ ಅಜ್ಜಿಯ ತವರಿನ ಹೊಲವಿದೆ, ಅದನ್ನು ಪಾಲಿಗೆ ಕೊಟ್ಟಿದ್ದಾರೆ.

"ಅಜ್ಜಿ, ಆ ಹೊಲದಾಗ ಬೀಜ, ಗೊಬ್ಬರದ ಖರ್ಚು ಯಾರ್ದು?"

"ಅರ್ಧ ನಮ್ದು, ಅರ್ಧ ಅವಂದು."

"ಬೆಳಿ ಹೋದ್ರ?"

"ಅದೂ ಅರ್ಧರ್ಧನ. ಸುಗ್ಗಿಗೆ ಮಾತ್ರ ಬರಾಂವ ಪಾಲುಗಾರ ಹೆಂಗಾಕ್ಕಾನವ್ವ?"

"ಇವರೂ ಹಂಗ ಅಜ್ಜಿ. ನಷ್ಟ ಆದ್ರ ನಿಮಗ ದುಡ್ಡು ಕೊಡೋರು ನಾವ, ಆದ್ರ ಅದರಾಗ ನೂರಕ್ಕ ಅರವತ್ತು ಇವರ ಹೆಗಲ ಮ್ಯಾಲೆ ಬೀಳತೈತಿ."

ಅಜ್ಜಿ ಇಂಜಿನಿಯರ್ ಕಡೆ ತಿರುಗಿ, ಆಂಧ್ರ ಗಡಿಯ ನಮ್ಮ ಕಡೆ ಎಲ್ಲರಿಗೂ ಬರುವ ತೆಲುಗಿನಲ್ಲೇ ಕೇಳಿದರು, ನಮ್ಮ ಮಿಲ್ ಸುಟ್ಟರೆ ನಿಮಗೂ ನಿಜವಾಗಿ ನಷ್ಟವಾ ಅಂತ. ಹೈದರಾಬಾದಿನ ಆ ಮನುಷ್ಯನಿಗೆ ತೆಲುಗು ಕೇಳಿ ಮುಖ ಅರಳಿತು. "ಅವುನಮ್ಮಾ," ಅಂದರು, ಹೌದಮ್ಮ ಅಂತ.

"ಹಂಗಾದ್ರ ನೀವು ಹೊರಗಿನೋರಲ್ಲ ಬಿಡ್ರಿ," ಅಂದರು ಅಜ್ಜಿ. ಒಂದೇ ಕರಾರು. ಅವರ ಹೊಲದಲ್ಲಿ ಇಬ್ಬರೂ ಪಾಲುಗಾರರು ಬಂದು ನಿಲ್ಲದೆ ರಾಶಿ ಪೂಜೆ ಆಗುವುದಿಲ್ಲವಂತೆ. ದೀಪ ಹೊರಗೆ ಹೋಗಬೇಕಾದರೆ ಈ ಪಾಲುಗಾರನೂ ಬೂಟು ಬಿಚ್ಚಿ ಬಂದು ಕಾಯಿ ಒಡೆಯಬೇಕು!

ಆತ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಬೂಟು ಬಿಚ್ಚಿದರು.

ಗೇಟಿನ ಹೊರಗೆ, ಚೀಲ, ಹೊಟ್ಟು ಎಲ್ಲದರಿಂದ ದೂರ, ಬೇವಿನ ಮರದ ಕಟ್ಟೆ ಇತ್ತು. ಅಜ್ಜಿ ತಾವೇ ದೀಪ ಎತ್ತಿಕೊಂಡು, ಸೆರಗು ಮರೆ ಮಾಡಿ ಹೊರಟರು. ಹಿಂದೆ ಇಡೀ ಮಿಲ್ಲಿನ ಹಮಾಲರು, ಹೆಂಗಸರು.

ಅಂಗಳಕ್ಕೆ ಬಂದದ್ದೇ ತಡ, ಬಯಲಿನ ಗಾಳಿ ಸುಯ್ ಅಂತ ಬೀಸಿತು. ಜ್ಯೋತಿ ಬಾಗಿತು, ಸಣ್ಣಗಾಯಿತು... ಯಜಮಾನರು ಹಚ್ಚಿದ ದೀಪ ಆರಿತೋ, ಎಲ್ಲ ಮುಗೀತು.

ಅಷ್ಟರಲ್ಲಿ ಬರಿಗಾಲಲ್ಲಿ ಓಡಿ ಬಂದವರು ಯಾರು ಗೊತ್ತಾ? ಬೆಂಕಿ ಹುಡುಕಲು ಬಂದಿದ್ದ ಅದೇ ಇಂಜಿನಿಯರ್! ತಮ್ಮ ಹೆಲ್ಮೆಟ್ಟನ್ನು ಗಾಳಿಗೆ ಅಡ್ಡ ಹಿಡಿದು, ಕಟ್ಟೆಯವರೆಗೂ ಬಗ್ಗಿಕೊಂಡೇ ನಡೆದರು.

ದೀಪ ಆರಲಿಲ್ಲ. ಕಟ್ಟೆಯ ಮೇಲೆ ನೆಟ್ಟಗೆ ನಿಂತು ಉರಿಯಿತು. ಕಾಯಿ ಒಂದೇ ಏಟಿಗೆ ಹೋಳಾಯಿತು, ಹಮಾಲರು ಚಪ್ಪಾಳೆ ತಟ್ಟಿದರು. ನಾನಂತೂ ನಾಚಿಕೆ ಬಿಟ್ಟು ಸಿಳ್ಳೆ ಹೊಡೆದೆ.

ಇಂಜಿನಿಯರ್ ಅವರ ಕಂಪನಿಯಿಂದ ಅರವತ್ತಕ್ಕೆ ಒಪ್ಪಿಗೆಯ ಮೇಲ್ ಬಂತು. "ಬಿಟ್ಟುಬಿಡಮ್ಮ" ಅಂದಿದ್ದ ಮ್ಯಾನೇಜರ್ ಇಡೀ ಆಫೀಸಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿದರು. ನಾನು ಎರಡು ಮಿರ್ಚಿ ಹೆಚ್ಚಿಗೆ ತಿಂದೆ, ಹಕ್ಕಿನಿಂದ.

ಹೊಸ ಭತ್ತದ ಮೊದಲ ಲಾರಿ ಬಂದಾಗ ಮಿಲ್ಲಿನ ಮೇಲೆ ಪೂರ್ತಿ ವಿಮೆ ಇತ್ತು. ಅಜ್ಜಿ ಫೋನ್ ಮಾಡಿದ್ದರು. ದೀಪ ಚೆನ್ನಾಗಿದೆಯಂತೆ, "ನಮ್ಮ ಹೈದ್ರಾಬಾದ್ ಪಾಲುಗಾರ ಆರಾಮದಾನೇನು?" ಅಂತ ವಿಚಾರಿಸಿದರು.

ಈಗ ನೀವು ನಿಜ ಹೇಳ್ರಿ: ನಿಮ್ಮನೇಲಿ ಬೆಂಕಿ ಉರಿತಿದೆಯಾ ಅಂತ ಯಾರಾದರೂ ಕೇಳಿದರೆ, ದೇವರ ದೀಪ ನಿಮಗಾದರೂ ನೆನಪಾಗುತ್ತಾ?