ಚೆಂಡೆಸೆಯಲು ಕಲಿಸಿದ ಏಕನಾಥಮ್ಮ

ಕೆಲಸಕ್ಕೆ ಸೇರಿದ ಎರಡನೇ ವರ್ಷ, ಅಂದರೆ ೧೯೮೮ರಲ್ಲಿ, ಏಕನಾಥಮ್ಮ ಬಾಯಿ ಬಿಡಬೇಕಾದ ಕಡೆ ಬಿಡಲಿಲ್ಲ. ಆಮೇಲಿನ ಸಿಟ್ಟೆಲ್ಲ ಶುರುವಾದದ್ದು ಅಲ್ಲಿಂದಲೇ.

ಹಿರೇಗುಂಟನೂರಿನ ಕುರಿ ಸಾಕುವ ಮನೆಯ ಮಗಳು ಆಕೆ. ದೈಹಿಕ ಶಿಕ್ಷಣದ ತರಬೇತಿಗೆ ಹೋದಾಗ ಅಲ್ಲಿ ಸಾಫ್ಟ್‌ಬಾಲ್ ಎಂಬ ಆಟ ನೋಡಿದಳು. ಹೆಸರಿಗೆ ಸಾಫ್ಟ್, ಆದರೆ ಚೆಂಡು ಮೈಗೆ ಬಿದ್ದರೆ ವಾರಗಟ್ಟಲೆ ನೀಲಿಗಟ್ಟುತ್ತಿತ್ತು. ಚೆಂಡೆಸೆಯುವವಳಿಗೆ ಪಿಚರ್ ಎನ್ನುತ್ತಿದ್ದರು. ತೊಡೆಯ ಪಕ್ಕದಿಂದ ಕೈ ಎತ್ತಿ, ಕಿವಿಯ ಮಗ್ಗುಲಿನಿಂದ ಹಿಂದಕ್ಕೆ ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಹತ್ತಿರ ಬಂದಾಗ ಮಣಿಕಟ್ಟು ಝಾಡಿಸಿ ಬಿಡಬೇಕು. ನಲವತ್ತಡಿ ದೂರದಲ್ಲಿ ಬ್ಯಾಟು ಹಿಡಿದವಳಿಗೆ ಕಣ್ಣು ಮಿಟುಕಿಸಲೂ ಸಮಯ ಸಿಗದ ಹಾಗೆ ಚೆಂಡು ಹೋಗಬೇಕು. ಏಕನಾಥಮ್ಮನಿಗೆ ಅದು ಹಿಡಿಸಿತು. ಹೊಸದುರ್ಗದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಕೆಲಸ ಸಿಕ್ಕಿದ ಕೂಡಲೇ ಒಂದು ತಂಡ ಕಟ್ಟಿದಳು.

ಆ ತಂಡದ ಮೊದಲ ಪಿಚರ್ ಸಿದ್ದಕ್ಕ. ತೆಂಗಿನ ತೋಟದಲ್ಲಿ ಕೂಲಿ ಮಾಡುವವರ ಮಗಳು, ಒಂಬತ್ತನೇ ಕ್ಲಾಸು. ಚಿತ್ರದುರ್ಗದಲ್ಲಿ ಜಿಲ್ಲಾ ಪಂದ್ಯಗಳು ನಡೆದಾಗ ಅವಳ ಚೆಂಡನ್ನು ಯಾರಿಗೂ ಸರಿಯಾಗಿ ಮುಟ್ಟಲಾಗಲಿಲ್ಲ. ಆದರೂ ಮೈಸೂರಿನಲ್ಲಿ ನಡೆಯುವ ರಾಜ್ಯಮಟ್ಟದ ಪಂದ್ಯಗಳಿಗೆ ಹೋಗುವವರ ಪಟ್ಟಿ ಓದಿದಾಗ ಅವಳ ಹೆಸರು ಬರಲಿಲ್ಲ. ಆಯ್ಕೆಯ ಉಸ್ತುವಾರಿ ಹೊತ್ತಿದ್ದವನು ಮುರುಗಪ್ಪ. ಏಕನಾಥಮ್ಮ ಮೆಲ್ಲಗೆ ಕೇಳಿದ್ದಕ್ಕೆ ಅವನು ಪಟ್ಟಿಯಿಂದ ಕಣ್ಣೆತ್ತಲೂ ಇಲ್ಲ.

"ಹಳ್ಳಿ ಹುಡುಗಿ ಕಣ್ರಿ. ಮನೆಯೋರು ಮೈಸೂರಿಗೆಲ್ಲ ಕಳಿಸ್ತಾರಾ? ಸುಮ್ನೆ ಒಂದು ಜಾಗ ಹಾಳು."

ಏಕನಾಥಮ್ಮನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. "ಆಗ್ಲಿ ಸಾರ್" ಎಂದು ಹಿಂದಕ್ಕೆ ಬಂದಳು. ವಾಪಸು ಬರುವ ಬಸ್ಸು ಹೊಳಲ್ಕೆರೆ ದಾಟಿದ ಮೇಲೆ ಸಿದ್ದಕ್ಕ ಕೇಳಿದಳು: "ನಾನು ಸರಿಯಾಗಿ ಎಸೀಲಿಲ್ವಾ ಟೀಚರ್?"

"ಮುಂದಿನ ವರ್ಷ ನೋಡಾಣ."

ಜೂನ್‌ನಲ್ಲಿ ಶಾಲೆ ತೆರೆದಾಗ ಸಿದ್ದಕ್ಕ ಬರಲಿಲ್ಲ. ಏಕನಾಥಮ್ಮ ಹುಡುಕಿಕೊಂಡು ಹೋದಳು. ಅವಳ ತಾಯಿ ತೆಂಗಿನ ಗರಿ ಹೆಣೆಯುತ್ತಾ ಕೂತಿದ್ದವಳು ಕೈ ನಿಲ್ಲಿಸದೆ ಹೇಳಿದಳು: "ಆಟದಾಗೂ ಬ್ಯಾಡ ಅಂದ್ರಂತೆ. ಓದಿನಾಗೆ ಮದ್ಲೇ ಹಿಂದೆ. ಅದ್ಕೇ ಬಿಡಿಸಿದ್ವಿ. ಮದುವಿ ಗೊತ್ತಾಗೈತೆ."

"ಮೈಸೂರಿಗೆ ಕಳಿಸ್ತಿದ್ರಾ ಅಮ್ಮ, ಆಯ್ಕೆ ಆಗಿದ್ರೆ?"

"ಯಾಕೆ ಕಳಿಸ್ತಿರ್ಲಿಲ್ಲ? ನಮ್ಮನ್ನ ಯಾರು ಕೇಳಿದ್ರು?"

ಆ ದಿನ ಏಕನಾಥಮ್ಮ ಬಸ್ಸಿಗೆ ಕಾಯದೆ ನಾಲ್ಕು ಮೈಲಿ ನಡೆದೇ ಊರಿಗೆ ಬಂದಳು. ಮುರುಗಪ್ಪನ ಮೇಲೆ ಎಷ್ಟು ಸಿಟ್ಟಿತ್ತೋ ಅದಕ್ಕಿಂತ ಹೆಚ್ಚು ಸಿಟ್ಟು "ಆಗ್ಲಿ ಸಾರ್" ಎಂದ ತನ್ನ ನಾಲಿಗೆಯ ಮೇಲಿತ್ತು.

ಅಲ್ಲಿಂದ ಮುಂದೆ ಆಕೆ ಯಾವುದನ್ನೂ ನುಂಗಿಕೊಳ್ಳಲಿಲ್ಲ. ಸಂತೆಯ ದಿನ ಶಾಲೆಯ ಮೈದಾನದಲ್ಲಿ ತೆಂಗಿನಕಾಯಿ ಲಾರಿಗಳನ್ನು ನಿಲ್ಲಿಸುವುದು ರೂಢಿಯಾಗಿತ್ತು. ಆಕೆ ಸುಣ್ಣದಲ್ಲಿ ಎಳೆದ ಗೆರೆಗಳ ಮೇಲೆ ಲಾರಿ ಹತ್ತಿಸಲು ಬಂದ ಡ್ರೈವರ್‌ನ ಮುಂದೆ ಕೈ ಕಟ್ಟಿ ನಿಂತಳು. ಅವನು ಹಾರ್ನ್ ಹೊಡೆದ. ಆಕೆ ಕದಲಲಿಲ್ಲ. ಹತ್ತು ನಿಮಿಷ ಹಾರ್ನ್ ಹೊಡೆದು ಸಾಕಾಗಿ ಅವನೇ ಹಿಂದಕ್ಕೆ ಹೋದ. ಮುಖ್ಯೋಪಾಧ್ಯಾಯರು ಕರೆಸಿ, "ಊರೋರನ್ನ ಎದುರು ಹಾಕ್ಕೊಂಡ್ರೆ ಹೆಂಗೆ" ಎಂದರು. "ಊರೋರ ಮಕ್ಳೇ ಸಾರ್ ಅಲ್ಲಿ ಆಡೋದು" ಎಂದು ಆಕೆ ಹೊರಟು ಬಂದಳು.

ಆದರೆ ಆ ಸಿಟ್ಟು ಮೈದಾನದ ಒಳಗೂ ಬಂದಿತ್ತು. ಚೆಂಡು ಕೈಬಿಟ್ಟವಳಿಗೆ ಬೈಗುಳ, ತಡವಾಗಿ ಬಂದವಳಿಗೆ ಬೈಗುಳ, ತಲೆ ತಗ್ಗಿಸಿದವಳಿಗಂತೂ ಕೇಳುವುದೇ ಬೇಡ. ಹುಡುಗಿಯರನ್ನು ಗಟ್ಟಿ ಮಾಡುತ್ತಿದ್ದೇನೆ ಎಂದೇ ಏಕನಾಥಮ್ಮ ತಿಳಿದಿದ್ದಳು.

೧೯೯೩ರಲ್ಲಿ ತಂಡಕ್ಕೆ ಜೈಬುನ್ನೀಸಾ ಬಂದಳು. ಅವಳ ತಂದೆ ಲಾಲ್ ಸಾಬ್ ಪೇಟೆಯಲ್ಲಿ ಚರ್ಮದ ಕೆಲಸ ಮಾಡುತ್ತಿದ್ದ. ಎತ್ತಿನ ಕೊರಳಪಟ್ಟಿ ಹೊಲಿಯುವ ದಬ್ಬಳದಲ್ಲೇ ಶಾಲೆಯ ಕಿತ್ತುಹೋದ ಚೆಂಡುಗಳನ್ನೂ ಕೈಗವಸುಗಳನ್ನೂ ಹೊಲಿದು ಕೊಡುತ್ತಿದ್ದ. ಮಗಳು ಉದ್ದನೆಯ ತೋಳಿನವಳು. ಕೆರೆಯಂಗಳದಲ್ಲಿ ಒಬ್ಬಳೇ ಎಸೆಯುವಾಗ ಚೆಂಡು ಸುಯ್ಯೆಂದು ಸದ್ದು ಮಾಡುತ್ತಿತ್ತು. ನೋಡುವವರು ನಾಲ್ಕು ಜನ ಸೇರಿದರೆ ಮಾತ್ರ ಅವಳ ಗಲ್ಲ ಎದೆಗೆ ಅಂಟಿಕೊಳ್ಳುತ್ತಿತ್ತು.

ಆ ವರ್ಷ ಹಿರಿಯೂರಿನ ತಂಡದ ಜೊತೆ ಪಂದ್ಯ. ಬೇಲಿಯ ಆಚೆ ಕಾಲೇಜು ಹುಡುಗರು ಸೇರಿ ಕೂಗುತ್ತಿದ್ದರು. ಗುರಿ ತಪ್ಪಿ ನಾಲ್ಕು ಚೆಂಡು ಆಚೀಚೆ ಹೋದರೆ ಎದುರಾಳಿ ಬ್ಯಾಟಿನವಳು ಚೆಂಡು ಹೊಡೆಯದೆಯೇ ಪುಕ್ಕಟೆಯಾಗಿ ಓಟದ ಮೊದಲ ನೆಲೆಗೆ, ಅಂದರೆ ಬೇಸ್‌ಗೆ, ಹೋಗುತ್ತಾಳೆ. ಜೈಬುನ್ನೀಸಾ ಸಾಲಾಗಿ ಮೂವರಿಗೆ ಹಾಗೆ ಕೊಟ್ಟಳು. ಏಕನಾಥಮ್ಮ ಗೆರೆಯ ಪಕ್ಕದಿಂದ ಕಿರುಚಿದಳು: "ತಲೆ ಎತ್ತೇ! ಯಾರು ಸತ್ತವರೆ ಅಂತ ಹಂಗೆ ನಿಂತಿದ್ದೀಯಾ?"

ಬೇಲಿಯ ಆಚೆ ಹುಡುಗರು ನಕ್ಕರು. ಜೈಬುನ್ನೀಸಾ ಚೆಂಡನ್ನು ಮೆಲ್ಲಗೆ ನೆಲದ ಮೇಲಿಟ್ಟು ಮೈದಾನದಿಂದ ಹೊರಗೆ ನಡೆದಳು. ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಏಕನಾಥಮ್ಮ ಲಾಲ್ ಸಾಬನ ಮನೆಗೆ ಹೋದಾಗ ಬಾಗಿಲಿಗೆ ಬಂದವಳು ಹುಡುಗಿಯ ತಾಯಿ ಬಷೀರುನ್ನೀಸಾ. "ಬರ್ರಿ, ಕುಂತ್ಕಳ್ರಿ" ಎಂದು ಚಾಪೆ ಹಾಸಿದಳು. ಚಹಾ ಕೊಟ್ಟಳು. ಆಮೇಲೆ ನೇರವಾಗಿ ಹೇಳಿದಳು.

"ಆ ಪೋರಗೋಳು ನಕ್ಕಿದ್ದು ಅವಳಿಗೆ ದೊಡ್ಡದಲ್ಲ ಟೀಚರಮ್ಮ. ನೀವು ಅವರ ಮುಂದೆ ಬೈದ್ರಲ್ಲ, ಅದು. ರಾತ್ರಿಯೆಲ್ಲ ನಿದ್ದಿ ಮಾಡಿಲ್ಲ. ನಿಮ್ಮ ದನಿ ಕೇಳೋ ಕಡೆ ಇನ್ನ ಬರಲ್ಲ ಅಂತಾಳೆ."

ಏಕನಾಥಮ್ಮನ ಉತ್ತರ ಮಾಮೂಲಿನ ಹಾಗೆ ನಾಲಿಗೆಯ ತುದಿಗೆ ಬಂತು. ಯಾರಿಗೆ ಕೊಡುವುದು? ಈ ಹೆಂಗಸು ಸುಳ್ಳು ಹೇಳುತ್ತಿರಲಿಲ್ಲ. ಐದು ವರ್ಷದಿಂದ ಮುರುಗಪ್ಪನಿಗೆ ಬೈಯಬೇಕಾದದ್ದನ್ನೆಲ್ಲ ಹದಿನಾಲ್ಕು ವರ್ಷದ ಹುಡುಗಿಯರಿಗೆ ಬೈಯುತ್ತಾ ಬಂದಿದ್ದಾಗಿತ್ತು. ಆಕೆ ಚಹಾದ ಲೋಟ ಕೆಳಗಿಟ್ಟಳು.

"ನಾಳೆ ಕಳಿಸ್ರಿ," ಎಂದಳು. "ಇನ್ಮ್ಯಾಲೆ ಅವಳ ಮುಂದೆ ನಾನು ದನಿ ಎತ್ತಲ್ಲ."

ಮರುದಿನದಿಂದ ಏಕನಾಥಮ್ಮ ತಾನೇ ಕೈಗವಸು ತೊಟ್ಟು ಚೆಂಡು ಹಿಡಿಯಲು ಕುಕ್ಕರಗಾಲಲ್ಲಿ ಕೂತಳು. ಬಾಯಿ ಮುಚ್ಚಿಕೊಂಡಿರುವುದು ಆಕೆಗೆ ಮಂಡಿನೋವಿಗಿಂತ ಕಷ್ಟವಾಯಿತು. ಒಂದೇ ಕಟ್ಟಳೆ ಮಾಡಿದಳು. ಎಸೆಯುವ ಮೊದಲು ಚೆಂಡು ಎಲ್ಲಿ ಬೀಳುತ್ತದೆಂದು ಜೈಬುನ್ನೀಸಾ ಬಾಯಿಬಿಟ್ಟು ಹೇಳಬೇಕು. ಮೊಣಕಾಲು ಅಂದರೆ ಮೊಣಕಾಲಿನ ಎತ್ತರ, ಒಳಗೆ ಅಂದರೆ ಬ್ಯಾಟಿನವಳ ಮೈ ಪಕ್ಕ. ಮೊದಲ ವಾರ ಅವಳ ದನಿ ಅವಳಿಗೇ ಕೇಳುತ್ತಿರಲಿಲ್ಲ. "ಏನಂದೆ?" ಎಂದಷ್ಟೇ ಕೇಳಿ ಏಕನಾಥಮ್ಮ ಕಾಯುತ್ತಿದ್ದಳು. ಹೇಳುವ ತನಕ ಕೈಗವಸು ಮೇಲೇಳುತ್ತಿರಲಿಲ್ಲ.

ಇನ್ನೊಂದನ್ನೂ ಕಲಿಸಿದಳು. ಚೆಂಡು ಕೈಲಿರುವ ತನಕ ಆಟ ನಿನಗಾಗಿ ಕಾಯುತ್ತದೆ. ಯಾರಾದರೂ ನಕ್ಕರೆ, ಚೆಂಡು ತಪ್ಪಿದರೆ, ಎಲ್ಲರಿಗೂ ಬೆನ್ನು ಹಾಕಿ ತಿರುಗು. ಅಂಗೈಗೆ ಮಣ್ಣು ಉಜ್ಜಿಕೋ. ನಿನಗೆ ಅನ್ನಿಸಿದಾಗ ಮತ್ತೆ ಈ ಕಡೆ ತಿರುಗು. ಬೇಕಂತಲೇ ಇತರ ಹುಡುಗಿಯರನ್ನು ಸುತ್ತ ನಿಲ್ಲಿಸಿ ಕೂಗಿಸಿದಳು, ತಗಡು ಬಡಿಸಿದಳು. ಮೂರು ತಿಂಗಳು ಕಳೆಯುವುದರೊಳಗೆ ಜೈಬುನ್ನೀಸಾ "ಮೊಣಕಾಲು" ಎಂದರೆ ಕೆರೆಯ ಏರಿಯ ಮೇಲೆ ಹೋಗುವ ಸೈಕಲ್ಲಿನವರೂ ತಿರುಗಿ ನೋಡುತ್ತಿದ್ದರು.

ಮುಂದಿನ ವರ್ಷ ಚಿತ್ರದುರ್ಗದಲ್ಲಿ ಹೊಸದುರ್ಗದ ಹುಡುಗಿಯರು ಹೊಳಲ್ಕೆರೆಯ ತಂಡವನ್ನು ಸೋಲಿಸಿ ಕಪ್ ಗೆದ್ದರು. ಬಹುಮಾನ ಕೊಡಲು ಅತಿಥಿಗಳು ಬಂದು ಕೂತಿದ್ದರು. ಬಹುಮಾನಕ್ಕೆ ಮುಂಚೆ ಮುರುಗಪ್ಪ ರಾಜ್ಯಮಟ್ಟಕ್ಕೆ ಹೋಗುವವರ ಪಟ್ಟಿ ಓದಿದ. ಜೈಬುನ್ನೀಸಾಳ ಹೆಸರಿರಲಿಲ್ಲ.

ಏಕನಾಥಮ್ಮ ಮೇಜಿನ ಹತ್ತಿರ ಹೋದಳು. "ಯಾಕೆ ಬಿಟ್ರಿ?"

"ಅವರ ಜನದಾಗೆ ಹೆಣ್ಮಕ್ಳನ್ನ ಹೊರಗೆ ಕಳಿಸಲ್ಲ ಮೇಡಂ. ನಿಮಗೆ ಗೊತ್ತಿಲ್ವಾ?"

"ಯಾರನ್ನ ಕೇಳಿದ್ರಿ?"

"ಕೇಳೋದೇನೈತೆ."

"ಹಂಗಾದ್ರೆ ಬರೆದು ಕೊಡ್ರಿ. ಯಾರನ್ನೂ ಕೇಳ್ದೆ, ನಾನೇ ಅಂದ್ಕೊಂಡು ಈ ಹುಡುಗಿ ಹೆಸರು ಬಿಟ್ಟಿದ್ದೀನಿ ಅಂತ ಬರೆದು ಸಹಿ ಹಾಕ್ರಿ." ಆಕೆಯ ದನಿ ಮೈಕಿಲ್ಲದೆಯೇ ಮೈದಾನದ ಕೊನೆಗೆ ಮುಟ್ಟುತ್ತಿತ್ತು. "ಆರು ವರ್ಷದ ಹಿಂದೆ ಸಿದ್ದಕ್ಕನ್ನೂ ಹಿಂಗೇ ಬಿಟ್ರಿ. ಅವಳ ತಾಯಿ ಕಳಿಸೋಕೆ ತಯಾರಿದ್ಲು. ನೀವು ಅವಳ ಹೆಸ್ರೂ ಮರ್ತಿದ್ದೀರ."

"ಟೀ ಕುಡೀರಿ ಮೇಡಂ, ಆಮ್ಯಾಲೆ ಮಾತಾಡಾಣ," ಎಂದು ಮುರುಗಪ್ಪ ನಕ್ಕ.

ಆಗ ಜೈಬುನ್ನೀಸಾ ಸಾಲು ಬಿಟ್ಟು ಮುಂದೆ ಬಂದಳು. ತಲೆ ನೆಟ್ಟಗಿತ್ತು. "ಸಾರ್, ನಮ್ಮಪ್ಪ ಅಲ್ಲಿ ಬೇವಿನಮರದ ಕೆಳಗೆ ಕುಂತವ್ರೆ. ಈಗ್ಲೇ ಕೇಳ್ರಿ."

ಕೈಗವಸಿನ ದಾರ ಕಿತ್ತರೆ ಹೊಲಿಯಲು ಇರಲಿ ಎಂದು ಲಾಲ್ ಸಾಬ್ ದಬ್ಬಳದ ಚೀಲ ಹಿಡಿದು ತಂಡದ ಜೊತೆಗೇ ಬಂದಿದ್ದ. ಎದ್ದು ಬಂದು ಮೇಜಿನ ಮುಂದೆ ನಿಂತ. "ಕಳಿಸ್ತೀನಿ ಸಾಹೇಬ್ರೆ. ಎಲ್ಲಿ ಸಹಿ ಹಾಕ್ಲಿ ಹೇಳ್ರಿ."

ಮುರುಗಪ್ಪನ ನಗು ನಿಂತಿತು. ಪಟ್ಟಿ ಟೈಪಾಗಿಬಿಟ್ಟಿದೆ, ಇನ್ನು ಏನೂ ಮಾಡಲಾಗದು ಎಂದ. ಏಕನಾಥಮ್ಮ ಹಿಂದಕ್ಕೆ ತಿರುಗಿ ತನ್ನ ಹುಡುಗಿಯರಿಗೆ "ಕುಂತ್ಕಳ್ರಿ" ಎಂದಳು. ಅವರು ವೇದಿಕೆಯ ಮುಂದೆ ನೆಲದ ಮೇಲೆ ಕೂತರು. ಮೈಕಿನಲ್ಲಿ ತಂಡದ ನಾಯಕಿಯನ್ನು ಕಪ್ ತೆಗೆದುಕೊಳ್ಳಲು ಕರೆದರು. ಯಾರೂ ಏಳಲಿಲ್ಲ. ಮತ್ತೆ ಕರೆದರು. ಅತಿಥಿಗಳು ಗಡಿಯಾರ ನೋಡಿಕೊಂಡರು, ಏನು ಗಲಾಟೆ ಎಂದು ಮುರುಗಪ್ಪನನ್ನೇ ಕೇಳಿದರು. ಅರ್ಧ ಗಂಟೆ ಬಿಸಿಲಲ್ಲಿ ಹಾಗೇ ಕಳೆಯಿತು. ಕಡೆಗೆ ಅವನು ಜೇಬಿನಿಂದ ಪೆನ್ನು ತೆಗೆದು ಪಟ್ಟಿಯ ಅಡಿಯಲ್ಲಿ ಜೈಬುನ್ನೀಸಾಳ ಹೆಸರು ಬರೆದ. ಏಕನಾಥಮ್ಮ ಅದನ್ನು ಕೈಗೆ ತೆಗೆದುಕೊಂಡು ಓದಿ ನೋಡಿದ ಮೇಲೆಯೇ ಹುಡುಗಿಯರನ್ನು ಎಬ್ಬಿಸಿದಳು.

ಜೈಬುನ್ನೀಸಾ ಮೈಸೂರಿಗೆ ಹೋದಳು. ಮೂರು ಪಂದ್ಯ ಆಡಿದಳು. ಮೂರನೆಯದರಲ್ಲಿ ಜಿಲ್ಲೆ ಸೋತಿತು. ಬಂದವಳು ಟೀಚರ್ ಕಣ್ಣಲ್ಲಿ ಕಣ್ಣಿಟ್ಟು ವರದಿ ಒಪ್ಪಿಸಿದಳು: "ಕೊನೇ ಹುಡುಗಿಗೆ ಒಳಗೆ ಎಸೀಬೇಕಿತ್ತು. ಹೊರಗೆ ಎಸ್ದೆ. ನಂದೇ ತಪ್ಪು ಲೆಕ್ಕ." ಏಕನಾಥಮ್ಮ ಬೈಯಲಿಲ್ಲ. ಸಂಜೆ ಕೈಗವಸು ತೊಟ್ಟು ಕೂತಳು.

ಅದೇ ತಿಂಗಳು, ಶಾಲಾ ವರ್ಷದ ನಟ್ಟನಡುವೆ, ಆಕೆಗೆ ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಗೆ ವರ್ಗವಾಯಿತು. ಕಾರಣ ಕೇಳಿ ನಾಲ್ಕು ಅರ್ಜಿ ಬರೆದಳು. ಒಂದಕ್ಕೂ ಉತ್ತರ ಬರಲಿಲ್ಲ. ಹೊಸ ಶಾಲೆಯ ಮೈದಾನದ ತುಂಬ ಜಾಲಿ ಬೆಳೆದಿತ್ತು. ಕುಡುಗೋಲು ಹಿಡಿದು ತಾನೇ ಕಡಿಯಲು ನಿಂತಳು. ಮೂರನೇ ದಿನ ಹುಡುಗಿಯರೂ ಕುಡುಗೋಲು ತಂದರು. ಅಲ್ಲಿ ಹನ್ನೊಂದು ವರ್ಷ ಇದ್ದಳು. ಆ ಹನ್ನೊಂದು ವರ್ಷದಲ್ಲಿ ಒಬ್ಬ ಹುಡುಗಿಗೂ ಜನರ ಮುಂದೆ ಬೈಯಲಿಲ್ಲ. ದೊಡ್ಡವರಿಗೆ ಮಾತ್ರ ಆ ರಿಯಾಯಿತಿ ಇರಲಿಲ್ಲ.

೨೦೦೪ರಲ್ಲಿ ಒಂದು ಕ್ರೀಡಾಕೂಟಕ್ಕೆ ಇನ್ನೂರು ಹುಡುಗಿಯರು ಬಂದಿದ್ದರು. ಅವರಿಗೊಂದು ಶೌಚಾಲಯವಿರಲಿಲ್ಲ. ಇದ್ದದ್ದೊಂದು ಅಧಿಕಾರಿಗಳ ಕೋಣೆಯೊಳಗೆ, ಅದಕ್ಕೆ ಬೀಗ. ಹೊಲದ ಕಡೆ ಹೋಗಲಿ ಎಂದರು ವ್ಯವಸ್ಥಾಪಕರು. ಏಕನಾಥಮ್ಮ ಮೊದಲ ಪಂದ್ಯದ ಚೆಂಡನ್ನು ಅಂಪೈರ್ ಕೈಯಿಂದ ತೆಗೆದುಕೊಂಡು ಆ ಕೋಣೆಯ ಬಾಗಿಲ ಮುಂದೆ ಹೋಗಿ ಕೂತಳು. ಬೀಗದ ಕೈ ಹಿಡಿದವನು ಊಟಕ್ಕೆ ಹೋಗಿದ್ದಾನೆ ಎಂದರು. ಕರೆಸ್ರಿ ಎಂದಳು. ಒಂದೂವರೆ ಗಂಟೆಯ ಮೇಲೆ ಅವನು ಬಂದ, ಬಾಗಿಲು ತೆರೆದ. ಹುಡುಗಿಯರು ಸಾಲಾಗಿ ಒಳಗೆ ಹೋಗಿ ಬಂದರು. ಕೊನೆಯವಳು ಬಂದ ಮೇಲೆ ಏಕನಾಥಮ್ಮ ಎದ್ದು ಸೀರೆಯ ಮಣ್ಣು ಕೊಡವಿಕೊಂಡು ಚೆಂಡನ್ನು ಅಂಪೈರ್ ಕೈಗೆ ಕೊಟ್ಟಳು.